ಮಗುವಿನ ಜೊತೆ ಏನು ಕಳಿಸುತ್ತೇವೆ?

ಮಾತಾಡುವವರು ಇಬ್ಬರು. ಒಬ್ಬಳು ಎಂ.ಇಡಿ. ಎರಡನೇ ವರ್ಷದ ವಿದ್ಯಾರ್ಥಿನಿ. ಮನೆ ಕಂಪ್ಲಿಯಲ್ಲಿ, ಇಂಟರ್ನ್‌ಶಿಪ್ ಮಾಡಿದ್ದು ಸಂಡೂರು ತಾಲ್ಲೂಕಿನಲ್ಲಿ. ಇನ್ನೊಬ್ಬರು ಅವಳ ದೊಡ್ಡಮ್ಮ; ಕಮಲಾಪುರ, ಹಂಪಿ ಕಡೆ ಅಂಗನವಾಡಿ ಕಾರ್ಯಕರ್ತೆಯಾಗಿ ದುಡಿದು, ನಿವೃತ್ತರಾಗಿ ಈಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದಾರೆ.

ವಿದ್ಯಾರ್ಥಿನಿ: ದೊಡ್ಡಮ್ಮ, ಸೋಮವಾರ ಡಿಸರ್ಟೇಶನ್ನಿನ ಸಿನಾಪ್ಸಿಸ್ ಕೊಡಬೇಕು. ವಿಷಯವೇ ಇನ್ನೂ ಗಟ್ಟಿಯಾಗಿಲ್ಲ.

ದೊಡ್ಡಮ್ಮ: ಎರಡು ವರ್ಷ ಏನೇನು ಓದಿದೆ ಅಂತ ಮೊದಲು ಹೇಳು. ವಿಷಯ ಅದರಲ್ಲೇ ಎಲ್ಲೋ ಇರುತ್ತೆ.

ವಿದ್ಯಾರ್ಥಿನಿ: ಕಲಿಕೆ ಮತ್ತು ವಿಕಾಸದ ಮನೋವಿಜ್ಞಾನ, ಶಿಕ್ಷಣದ ತತ್ವಶಾಸ್ತ್ರ, ಸಮಾಜಶಾಸ್ತ್ರ, ಪಠ್ಯಕ್ರಮ, ಶಿಕ್ಷಕರ ಶಿಕ್ಷಣ, ಸಂಶೋಧನಾ ವಿಧಾನ. ಮೊದಲು ಎಂ.ಇಡಿ. ಒಂದೇ ವರ್ಷದ್ದು. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು ಎನ್‌ಸಿಟಿಇಯ 2014ರ ನಿಯಮಾವಳಿ ಬಂದ ಮೇಲೆ ಎರಡು ವರ್ಷ ಆಯ್ತು, ಇಂಟರ್ನ್‌ಶಿಪ್ಪು, ಡಿಸರ್ಟೇಶನ್ನು ಎಲ್ಲಾ ಸೇರಿ. ಪಿಯಾಜೆಯ ನಾಲ್ಕು ಹಂತ, ಎರಿಕ್ಸನ್‌ನ ಎಂಟು, ಕೋಲ್‌ಬರ್ಗ್‌ನ ಆರು, ಎಲ್ಲಾ ಬಾಯಿಪಾಠ ಮಾಡಿ ಪರೀಕ್ಷೆ ಬರೆದೆ. ಸಂಡೂರು ಕಡೆ ಒಂದು ಲಂಬಾಣಿ ತಾಂಡಾದ ಅಂಗನವಾಡಿಯಲ್ಲಿ ಹೋಗಿ ಕೂತಾಗ ಅದರಲ್ಲಿ ಒಂದೂ ಕೈಗೆ ಬರಲಿಲ್ಲ. ಪುಸ್ತಕದ ಮಗು ಬೇರೆ, ನಮ್ಮ ಮಗು ಬೇರೆ ಅನ್ನಿಸಿಬಿಡ್ತು.

ದೊಡ್ಡಮ್ಮ: ಪುಸ್ತಕದ ಮಗು ಯಾರ ಮಗು?

ವಿದ್ಯಾರ್ಥಿನಿ: ಹಾಗೆ ಕೇಳಿದರೆ... ಪಿಯಾಜೆಯ ಪುಸ್ತಕಗಳಲ್ಲಿ ಕೆಲವಕ್ಕೆ ಅವರ ಸ್ವಂತ ಮಕ್ಕಳೇ ಆಧಾರ. 1925ರಿಂದ 1931ರ ಒಳಗೆ ಹುಟ್ಟಿದ ಮೂವರು: ಜಾಕ್ಲೀನ್, ಲೂಸಿಯೆನ್, ಲಾರೆಂಟ್. ಗಂಡ ಹೆಂಡತಿ ಇಬ್ಬರೂ ಕೂತು, ಕೂಸು ಗಿಲಕಿ ಹಿಡಿದದ್ದು, ಬಟ್ಟೆ ಕೆಳಗೆ ಅಡಗಿಸಿದ್ದನ್ನ ಹುಡುಕಿದ್ದು, ಎಲ್ಲಾ ದಿನದಿನ ಬರೆದಿಟ್ಟರು.

ದೊಡ್ಡಮ್ಮ: ಅಂದರೆ ಅದೂ ಯಾವುದೋ ಒಂದು ಊರಿನ, ಒಂದು ಮನೆಯ ಮಗುವೇ. ಅವರು ತಮ್ಮ ಮಕ್ಕಳ ಮುಂದೆ ಕೂತು ನೋಡಿದರು, ನೋಡಿದ್ದನ್ನ ಬರೆದರು, ಬರೆದದ್ದರಿಂದ ಯೋಚನೆ ಮಾಡಿದರು. ನಿನಗೆ ಅವರ ಯೋಚನೆಯ ಕೊನೇ ಸಾಲು ಕಲಿಸಿದ್ದಾರೆ. ಕೂತು ನೋಡೋದನ್ನ ಎಷ್ಟು ಕಲಿಸಿದರು?

ವಿದ್ಯಾರ್ಥಿನಿ: ಅದಕ್ಕೆ ಒಂದು ತಪಾಸಣಾ ಪಟ್ಟಿ ಕೊಟ್ಟಿದ್ದರು. ಬಣ್ಣ ಗುರುತಿಸುತ್ತದೆಯೇ, ವಸ್ತುಗಳನ್ನು ವಿಂಗಡಿಸುತ್ತದೆಯೇ, ಪೂರ್ಣ ವಾಕ್ಯದಲ್ಲಿ ಮಾತಾಡುತ್ತದೆಯೇ. ಹೌದು ಅಥವಾ ಇಲ್ಲ ಅಂತ ಗುರುತು ಹಾಕೋದು. ತಾಂಡಾದಲ್ಲಿ ಐದು ವರ್ಷದ ಒಂದು ಹುಡುಗಿ ಇದ್ದಳು. ಗೋಡೆಗೆ ಒರಗಿ ಕೂತರೆ ಮಧ್ಯಾಹ್ನದವರೆಗೆ ಮಾತಿಲ್ಲ. ಕೆಂಪು ಯಾವುದು ತೋರಿಸು ಅಂದರೆ ನನ್ನ ಮುಖ ನೋಡ್ತಾಳೆ. ಸ್ವಲ್ಪ ಮಂದ ಅಂತ ಅಕ್ಕಪಕ್ಕದವರು ಹೇಳಿದರು. ಪಟ್ಟಿ ತುಂಬಾ ‘ಇಲ್ಲ’ ಬಿತ್ತು. ಸಂಜೆ ಅವಳ ಮನೆ ಕಡೆ ಹೋದೆ. ಅಜ್ಜಿ ಬಾಗಿಲಲ್ಲಿ ಕೂತು ಕಸೂತಿ ಹಾಕ್ತಿದ್ದರು. ಹುಡುಗಿ ಎದುರಿಗೆ ಕೂತು ಕನ್ನಡಿ ಚೂರು ಬೇರೆ ಮಾಡ್ತಿದ್ದಳು. ದುಂಡಗಿನವು ಒಂದು ಡಬ್ಬಿ ಮುಚ್ಚಳಕ್ಕೆ, ಚೌಕದವು ಇನ್ನೊಂದಕ್ಕೆ, ಅಂಚು ಒಡೆದವು ನೆಲದ ಮೇಲೆ. ಅಜ್ಜಿ ಕೈ ಚಾಚೋ ಮುಂಚೆ ಮುಂದಿನ ಬಣ್ಣದ ದಾರ ಎತ್ತಿ ಕೊಡ್ತಿದ್ದಳು. ಒಂದು ಕಡೆ ಸಾಲಿನಲ್ಲಿ ಒಂದು ಕವಡೆ ಕಮ್ಮಿ ಬಿದ್ದಿತ್ತು. ಬೆರಳಿಟ್ಟು ತೋರಿಸಿದಳು. ಅಷ್ಟೂ ಹೊತ್ತು ಮಾತು ಮಾತು ಮಾತು, ಅವರ ಗೋರ್ ಬೋಲಿಯಲ್ಲಿ.

ದೊಡ್ಡಮ್ಮ: ಪಟ್ಟಿ ಕೇಳಿದ್ದೆಲ್ಲಾ ಅಲ್ಲಿತ್ತು. ಬಣ್ಣ, ವಿಂಗಡಣೆ, ವಾಕ್ಯ.

ವಿದ್ಯಾರ್ಥಿನಿ: ಎಲ್ಲಾ ಇತ್ತು. ಪಟ್ಟಿಯಲ್ಲಿ ಇಲ್ಲದ್ದೂ ಇತ್ತು. ವಿನ್ಯಾಸ ಹೇಗೆ ಮರುಕಳಿಸಬೇಕು ಅನ್ನೋದು ಅವಳ ತಲೆಯಲ್ಲಿ ಕೂತಿತ್ತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ ಹೆಣ್ಣುಮಕ್ಕಳು ಹೊಲಿದ 1,755 ಲಂಬಾಣಿ ಕಸೂತಿಗಳನ್ನ ಪ್ರದರ್ಶನಕ್ಕೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಕಸೂತಿಗೆ ಲೋಕದ ಮಾನ್ಯತೆ ಸಿಕ್ಕಿತು. ಅದೇ ಕಸೂತಿಯ ಪಕ್ಕದಲ್ಲಿ ಕೂತು ಕಲೀತಿರೋ ಮಗುವಿಗೆ ನಾನು ‘ಇಲ್ಲ’ ಅಂತ ಬರೆಯೋ ಹಾಗಾಯ್ತು. ಅದಕ್ಕೇ ದೊಡ್ಡಮ್ಮ, ಈ ಸಿದ್ಧಾಂತಗಳೆಲ್ಲಾ ನಮಗೆ ಯಾಕೆ ಬೇಕು ಅನ್ನಿಸೋದು. ನಿಮ್ಮಂಥವರಿಗೆ ಅನುಭವದಿಂದಲೇ ಎಲ್ಲಾ ಗೊತ್ತಿತ್ತಲ್ಲ.

ದೊಡ್ಡಮ್ಮ: ಆ ಮಾತು ಬೇಡ. ನಮ್ಮನ್ನ ಹೊಗಳಿ ನೀನು ಓದೋದು ಬಿಡಬೇಡ. ಅನುಭವದಿಂದ ಮಗುವನ್ನ ಸಮಾಧಾನ ಮಾಡೋದು ಬರುತ್ತೆ, ಮಲಗಿಸೋದು ಬರುತ್ತೆ, ಜ್ವರ ಬಂದದ್ದು ಮುಖ ನೋಡಿದರೆ ತಿಳಿಯುತ್ತೆ. ಆದರೆ ಒಂದು ಮಗು ಯಾಕೆ ಹಾಗೆ ಯೋಚನೆ ಮಾಡುತ್ತೆ ಅಂತ ಇನ್ನೊಬ್ಬರಿಗೆ ಹೇಳಬೇಕಾದರೆ ಓದು ಬೇಕು. ಈ ಹೊಸಪೇಟೆಯಲ್ಲೇ ನೋಡು. ಮೂರೂವರೆ ವರ್ಷದ ಮಗುವಿಗೆ ನಾಲ್ಕು ಗೆರೆ ಪುಸ್ತಕ ಕೊಟ್ಟು, ಬಿ ಅಕ್ಷರ ಒಂದು ಪುಟ ಬರ್ಕೊಂಡು ಬಾ ಅಂತಾರೆ. ತಾಯಿ ರಾತ್ರಿ ಕೈ ಹಿಡಿದು ಬರೆಸ್ತಾಳೆ, ಮಗು ಅಳುತ್ತೆ. ಬೇಡ ಅಂತ ನಾನು ಹೇಳಿದರೆ ಅವಳಿಗೆ ಅದು ಹಳೇ ಕಾಲದವರ ಮಾತು. ನೀನು ಹೇಳಬೇಕು: ಆ ವಯಸ್ಸಿಗೆ ಬೆರಳಿನ ಸಣ್ಣ ಸ್ನಾಯು, ಮಣಿಕಟ್ಟು ಇನ್ನೂ ಬಲಿತಿರಲ್ಲ, ಮೊದಲು ಹಿಟ್ಟು ನಾದಲಿ, ಮಣಿ ಪೋಣಿಸಲಿ, ಮರಳಲ್ಲಿ ಗೀಚಲಿ, ಪೆನ್ಸಿಲ್ ಆಮೇಲೆ. ಕಾರಣ ಕೊಟ್ಟು ಹೇಳಿದರೆ ತಾಯಿ ಕೇಳ್ತಾಳೆ. ಸಿದ್ಧಾಂತ ಬೇಕಿರೋದು ಅದಕ್ಕೆ.

ವಿದ್ಯಾರ್ಥಿನಿ: ಆದರೆ ಅದೇ ಸಿದ್ಧಾಂತ ತಾಂಡಾದಲ್ಲಿ ಸೋತಿತಲ್ಲ?

ದೊಡ್ಡಮ್ಮ: ಸೋತದ್ದು ಸಿದ್ಧಾಂತವೋ, ಪಟ್ಟಿಯೋ? ಓದಿದವಳು ನೀನು, ಹೇಳು.

ವಿದ್ಯಾರ್ಥಿನಿ: ...ಪಟ್ಟಿ. ಯಾಕಂದರೆ ಓದಿನಲ್ಲೇ ಇದಕ್ಕೆ ಉತ್ತರ ಇದೆ. ಪಿಯಾಜೆಯ ಒಂದು ಪ್ರಯೋಗ ಇದೆ. ಎರಡು ಮಣ್ಣಿನ ಉಂಡೆ, ಒಂದೇ ಅಳತೆ. ಮಗುವಿನ ಎದುರಿಗೇ ಒಂದನ್ನ ಉದ್ದಕ್ಕೆ ಹೊಸೆಯೋದು. ಈಗ ಮಣ್ಣು ಯಾವುದರಲ್ಲಿ ಜಾಸ್ತಿ ಅಂತ ಕೇಳಿದರೆ ಸಣ್ಣ ಮಕ್ಕಳು ಉದ್ದದ್ದು ತೋರಿಸ್ತಾರೆ. ಏಳು ವರ್ಷದ ಆಸುಪಾಸಿನಲ್ಲಿ ಎರಡೂ ಅಷ್ಟೇ ಅನ್ನೋಕೆ ಶುರು ಮಾಡ್ತಾರೆ. 1969ರಲ್ಲಿ ಪ್ರೈಸ್-ವಿಲಿಯಮ್ಸ್ ಮತ್ತು ಜೊತೆಗಾರರು ಇದೇ ಪ್ರಶ್ನೆಯನ್ನ ಮೆಕ್ಸಿಕೋದಲ್ಲಿ ಕುಂಬಾರರ ಮಕ್ಕಳಿಗೆ ಕೇಳಿದರು. ಬೇರೆ ಮಕ್ಕಳಿಗಿಂತ ಅವರು ಮುಂದಿದ್ದರು. ದಿನಾ ಮಣ್ಣು ಮುಟ್ಟೋ ಕೈಗೆ ಅದು ಮೊದಲೇ ತಿಳಿದಿರುತ್ತೆ.

ದೊಡ್ಡಮ್ಮ: ನಿನ್ನ ಹುಡುಗಿಗೆ ಕನ್ನಡಿ ಚೂರು ತಿಳಿದ ಹಾಗೆ.

ವಿದ್ಯಾರ್ಥಿನಿ: ಹಾಗೆಯೇ. ಇನ್ನೊಂದು ಬ್ರೆಜಿಲ್ ದೇಶದ್ದು. ರೆಸಿಫೆ ಅನ್ನೋ ಊರಿನಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರೋ ಮಕ್ಕಳ ಹತ್ತಿರ ಗಿರಾಕಿಗಳ ಥರ ಹೋಗಿ ವ್ಯಾಪಾರ ಮಾಡಿದರು. ನೂರಕ್ಕೆ 98 ಲೆಕ್ಕ ಸರಿ. ಅದೇ ಲೆಕ್ಕಗಳನ್ನ ಹಾಳೆ ಮೇಲೆ ಬರೆದು ಕೊಟ್ಟರೆ ನೂರಕ್ಕೆ 37 ಮಾತ್ರ ಸರಿ. 1985ರಲ್ಲಿ ಬಂದ ಅಧ್ಯಯನ ಅದು. ನಮ್ಮ ದೇಶದ್ದೂ ಇದೆ. ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ದುಡಿಯೋ ಮಕ್ಕಳ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಮಾಡಿದ್ದು 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಸಂತೆಯ ಮಕ್ಕಳು ಬಾಯಲ್ಲಿ ಮಾಡೋ ಲೆಕ್ಕ ಶಾಲೆಯ ಹಾಳೆ ಮೇಲೆ ಮಾಡಲಾರರು. ಶಾಲೆಯ ಮಕ್ಕಳು ಹಾಳೆ ಮೇಲೆ ಮಾಡೋದು ಸಂತೆಯಲ್ಲಿ ಮಾಡಲಾರರು.

ದೊಡ್ಡಮ್ಮ: ಇದನ್ನ ನಾನು ಹಂಪಿಯಲ್ಲಿ ನೋಡಿದ್ದೀನಿ. ವಿರೂಪಾಕ್ಷ ಗುಡಿ ಹತ್ತಿರ ಒಂದು ಅಂಗಡಿ. ನಮ್ಮ ಅಂಗನವಾಡಿಯಲ್ಲೇ ಬೆಳೆದ ಹುಡುಗ, ಆಗ ನಾಲ್ಕನೇ ತರಗತಿ. ಸಂಜೆ ಅಪ್ಪನ ಜೊತೆ ಕೂರ್ತಿದ್ದ. ಪ್ರವಾಸಿಗರು ಐನೂರರ ನೋಟು ಕೊಟ್ಟರೆ, ಎರಡು ಪುಸ್ತಕ, ಒಂದು ಕಲ್ಲಿನ ಗಣಪತಿ, ಮೂರು ಪೋಸ್ಟ್‌ಕಾರ್ಡು ಲೆಕ್ಕ ಹಾಕಿ, ಚಿಲ್ಲರೆ ಎಣಿಸಿ ಅವರ ಕೈಗೆ ಇಡೋವರೆಗೆ ಅವನ ತುಟಿ ಅಲ್ಲಾಡ್ತಿರಲಿಲ್ಲ. ಕನ್ನಡ, ತೆಲುಗು, ಹಿಂದಿ, ಬೇಕಾದಷ್ಟು ಇಂಗ್ಲಿಷು ಬರ್ತಿತ್ತು. ಶಾಲೆಯಲ್ಲಿ ದಶಕ ತಗೊಂಡು ಕಳೆಯೋ ಲೆಕ್ಕದಲ್ಲಿ ಹಿಂದೆ ಅಂತ ಅವನನ್ನ ಬೇರೆ ಕೂರಿಸ್ತಿದ್ದರು.

ವಿದ್ಯಾರ್ಥಿನಿ: ಅಂಗಡಿಯಲ್ಲಿ ಅವನು ದಿನಾ ದಶಕ ತಗೊಂಡೇ ಕಳೀತಿದ್ದ.

ದೊಡ್ಡಮ್ಮ: ಹೌದು. ಆದರೆ ಒಂದು ಮಾತು ನೆನಪಿಡು. ಅಂಗಡಿಯೇ ಪಾಠಶಾಲೆ, ಓದು ಬೇಡ ಅಂತ ಇದರ ಅರ್ಥ ಮಾಡಬಾರದು. ಹಾಗಂದವರ ಮಕ್ಕಳು ಯಾರೂ ಅಂಗಡಿಯಲ್ಲಿ ಕೂತಿಲ್ಲ. ಅವನಿಗೆ ಹಾಳೆ ಮೇಲಿನ ಲೆಕ್ಕ ಬರಲೇಬೇಕು. ಅವನ ಬಾಯಿಲೆಕ್ಕ ಗೊತ್ತಿರೋ ಟೀಚರ್ ಇದ್ದಿದ್ದರೆ ಅಲ್ಲಿಂದ ಹಾಳೆಗೆ ಕರ್ಕೊಂಡು ಬರೋಕೆ ಹೆಚ್ಚು ದಿನ ಬೇಕಿರಲಿಲ್ಲ.

ವಿದ್ಯಾರ್ಥಿನಿ: ವೈಗೋಟ್ಸ್ಕಿ ಹೇಳೋದು ಇದೇ, ದೊಡ್ಡಮ್ಮ. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದಿರುತ್ತೆ. ತಿಳಿದವರು ಜೊತೆಗಿದ್ದರೆ ಮಾಡಬಲ್ಲದ್ದು ಇನ್ನೊಂದು. ಕಲಿಸೋದೆಲ್ಲಾ ಆ ಎರಡರ ನಡುವೆ. ಆದರೆ ಮೊದಲನೇದು ಏನು ಅಂತ ಗೊತ್ತಿಲ್ಲದೇ ಎರಡನೇದಕ್ಕೆ ಕೈ ಹಾಕೋಕಾಗಲ್ಲ.

ದೊಡ್ಡಮ್ಮ: ಇನ್ನು ನಿಮ್ಮ ಕಂಪ್ಲಿ ಮಕ್ಕಳನ್ನ ಹೇಳು.

ವಿದ್ಯಾರ್ಥಿನಿ: ನಮ್ಮ ಕಡೆ ಮಗುವಿನ ದಿನಚರಿ ಬರೆಯೋದು ಕಾಲುವೆ. ನಾಟಿ ಶುರುವಾದರೆ ತಾಯಂದಿರು ಬೆಳಗಾಗೋ ಮುಂಚೆ ಆಟೋ, ಟ್ರ್ಯಾಕ್ಟರು ಹತ್ತಿ ಗದ್ದೆಗೆ ಹೋಗ್ತಾರೆ. ಕೂಸನ್ನ ನೋಡೋದು ಎಂಟು ಹತ್ತು ವರ್ಷದ ಅಕ್ಕ. ಅವಳು ಶಾಲೆ ಬಿಡ್ತಾಳೆ, ಇಲ್ಲಾ ಸೊಂಟದ ಮೇಲೆ ಕೂಸನ್ನ ಎತ್ಕೊಂಡೇ ಶಾಲೆಗೆ ಬರ್ತಾಳೆ. ಬ್ರಾನ್‌ಫೆನ್‌ಬ್ರೆನ್ನರ್ ಅನ್ನೋರು 1979ರಲ್ಲಿ ಬರೆದ ಪುಸ್ತಕ ನಮಗೆ ಪಠ್ಯ. ಮಗುವಿನ ಸುತ್ತ ಸುತ್ತುಗಳಿವೆ, ಮನೆ, ಶಾಲೆ, ಅದರಾಚೆ ತಂದೆತಾಯಿಯ ಕೆಲಸ, ಅದರಾಚೆ ಸರ್ಕಾರ, ಸಮಾಜ. ಮಗು ಯಾವತ್ತೂ ಕಾಲಿಡದ ಸುತ್ತಿನಲ್ಲಿ ಆಗೋದೂ ಮಗುವನ್ನ ಮುಟ್ಟುತ್ತೆ ಅಂತಾರೆ. ಕ್ಲಾಸಿನಲ್ಲಿ ಅದು ಬರೀ ಚಿತ್ರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಚೈನ್ ಕಡಿದು ಕೊಚ್ಚಿಹೋದಾಗ ನಮ್ಮ ಮನೆಗಳಲ್ಲೆಲ್ಲಾ ಮಾತು ಒಂದೇ: ಎರಡನೇ ಬೆಳೆಗೆ ನೀರು ಸಿಗುತ್ತಾ? ನೀರು ಇಲ್ಲ ಅಂದರೆ ನಾಟಿ ಇಲ್ಲ, ಕೂಲಿ ಇಲ್ಲ, ಕೂಲಿ ಹುಡುಕಿ ಬೇರೆ ಊರು. ಅಷ್ಟು ಹೊತ್ತಿಗೆ ಆ ಚಿತ್ರ ನನಗೆ ಅರ್ಥ ಆಯ್ತು.

ದೊಡ್ಡಮ್ಮ: ಸಂಡೂರಿನಲ್ಲೂ ಹಾಗೇ ಆಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ, ಅದು ನಿಲ್ಲಬೇಕಾದದ್ದೇ, ಆದರೆ ಗಣಿ ಕೂಲಿ ನಂಬಿದ್ದ ಮನೆಗಳ ಒಲೆಗೂ ಅದು ತಟ್ಟಿತು. ಇತ್ತ ತಾಂಡಾಗಳಿಂದ ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯೋಕೆ ಹೊರಟರೆ ಮಕ್ಕಳೂ ಹೊರಡ್ತಾರೆ. ತಿರುಗಿ ಬರೋ ಹೊತ್ತಿಗೆ ಅಂಗನವಾಡಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ.

ವಿದ್ಯಾರ್ಥಿನಿ: ಈಗ ನನ್ನ ಕಷ್ಟ ಕೇಳಿ. ಡಿಸರ್ಟೇಶನ್ನಿಗೆ ಇನ್ನೂರು ಜನ ಶಿಕ್ಷಕರಿಗೆ ಪ್ರಶ್ನಾವಳಿ ಕೊಡು, ಮನೋಭಾವ ಅಳೆ, ಟಿ-ಪರೀಕ್ಷೆ ಹಾಕು, ಮುಗೀತು ಅಂತ ಎಲ್ಲರೂ ಹೇಳ್ತಾರೆ. ನಾಲ್ಕು ಮಕ್ಕಳನ್ನ ನೋಡಿ ಬರೆದರೆ ಅದು ಸಂಶೋಧನೆ ಹೇಗಾಗುತ್ತೆ ಅಂತಾರೆ.

ದೊಡ್ಡಮ್ಮ: ಬ್ರೆಜಿಲ್‌ನಲ್ಲಿ ಎಷ್ಟು ಮಕ್ಕಳನ್ನ ನೋಡಿದರು?

ವಿದ್ಯಾರ್ಥಿನಿ: ...ಐದು.

ದೊಡ್ಡಮ್ಮ: ಪಿಯಾಜೆ?

ವಿದ್ಯಾರ್ಥಿನಿ: ಕೂಸುಗಳ ಬಗ್ಗೆ ಬರೆದದ್ದಕ್ಕೆ ಮೂರು. ಆದರೆ ದೊಡ್ಡಮ್ಮ, ಕೊನೆಗೆ ಸಂಖ್ಯೆಯೂ ಬೇಕಾಗುತ್ತೆ. ಐದು ಮಕ್ಕಳಲ್ಲಿ ಕಂಡದ್ದು ನಿಜವೇ ಅಂತ ನೋಡೋಕೆ ಕೋಲ್ಕತ್ತ, ದೆಹಲಿಯವರು ದೊಡ್ಡ ಸಂಖ್ಯೆಗೇ ಹೋದರು.

ದೊಡ್ಡಮ್ಮ: ಸರಿ. ಮೊದಲು ಹತ್ತಿರದಿಂದ ನೋಡೋದು, ಆಮೇಲೆ ಎಣಿಸೋದು. ನೋಡದೇ ಎಣಿಸಿದರೆ ಏನನ್ನ ಎಣಿಸ್ತಿದ್ದೀವಿ ಅಂತಲೇ ಗೊತ್ತಾಗಲ್ಲ. ಈಗ ನಾನು ಒಂದು ಕೇಳ್ತೀನಿ. ಅಂಗನವಾಡಿಯಲ್ಲಿ ನಾವು ಏನೇನು ದಾಖಲೆ ಇಡ್ತೀವಿ, ಗೊತ್ತಲ್ಲ?

ವಿದ್ಯಾರ್ಥಿನಿ: ಹಾಜರಿ, ತೂಕ, ಎತ್ತರ, ಚುಚ್ಚುಮದ್ದು, ಆಹಾರದ ಲೆಕ್ಕ. ಈಗ ಎಲ್ಲಾ ಪೋಷಣ್ ಟ್ರ್ಯಾಕರ್ ಮೊಬೈಲಿನಲ್ಲಿ.

ದೊಡ್ಡಮ್ಮ: ಅಂಗನವಾಡಿಯ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಆರು ಸೇವೆ ಹೇಳಿದರು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಮೊದಲ ಐದಕ್ಕೂ ಪುಸ್ತಕ ಇದೆ, ಕಾರ್ಡು ಇದೆ. ತೂಕ ಕಮ್ಮಿ ಆದ ಮಗುವನ್ನ ಕೆಂಪು, ಹಳದಿ, ಹಸಿರು ಪಟ್ಟಿಯಲ್ಲಿ ತಕ್ಷಣ ಗುರುತಿಸ್ತೀವಿ. ಅದರಿಂದ ಜೀವ ಉಳಿದಿದೆ, ಅದನ್ನ ಸಣ್ಣದು ಮಾಡೋ ಮಾತೇ ಇಲ್ಲ.

ವಿದ್ಯಾರ್ಥಿನಿ: ಆ ಪಟ್ಟಿಯ ಹಿಂದೆಯೂ ಒಂದು ಕಥೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಬೆಳವಣಿಗೆಯ ಮಾನದಂಡಕ್ಕೆ ಆರು ದೇಶದ ಮಕ್ಕಳನ್ನ ಅಳೆದರು: ಬ್ರೆಜಿಲ್, ಘಾನಾ, ನಾರ್ವೆ, ಓಮನ್, ಅಮೆರಿಕ, ಜೊತೆಗೆ ಭಾರತ. ನಮ್ಮ ದೇಶದ ಮಕ್ಕಳೂ ಆ ಗೆರೆಯಲ್ಲಿ ಇದ್ದಾರೆ.

ದೊಡ್ಡಮ್ಮ: ಮೈಯ ಗೆರೆಯಲ್ಲಿ ಇದ್ದಾರೆ. ಆರನೇ ಸೇವೆ ಇದೆಯಲ್ಲ, ಶಾಲಾಪೂರ್ವ ಶಿಕ್ಷಣ, ಅದರಲ್ಲಿ ಒಂದು ಮಗು ಮೂರು ವರ್ಷ ನಮ್ಮ ಕಣ್ಣೆದುರು ಆಡಿ ಬೆಳೆಯುತ್ತೆ. ಯಾವ ಭಾಷೆಯಲ್ಲಿ ಮಾತಾಡುತ್ತೆ, ಯಾರ ಜೊತೆ ಸೇರುತ್ತೆ, ಯಾವ ಕಥೆ ಮತ್ತೆ ಮತ್ತೆ ಕೇಳುತ್ತೆ, ಏನಕ್ಕೆ ಹೆದರುತ್ತೆ, ಎಷ್ಟರವರೆಗೆ ಎಣಿಸುತ್ತೆ, ಟೀಚರ್‌ಗೂ ಆಯಾಗೂ ಎಲ್ಲಾ ಗೊತ್ತು. ಆರು ತುಂಬುತ್ತೆ, ಒಂದನೇ ತರಗತಿಗೆ ಹೋಗುತ್ತೆ. ಜೊತೆಗೆ ಏನು ಹೋಗುತ್ತೆ?

ವಿದ್ಯಾರ್ಥಿನಿ: ಜನನ ಪ್ರಮಾಣಪತ್ರ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಫೋಟೋ.

ದೊಡ್ಡಮ್ಮ: ಆ ಮಗು ಯಾರು ಅನ್ನೋದು ಹೋಗಲ್ಲ. ಅಂಗನವಾಡಿ ಒಂದು ಇಲಾಖೆ, ಶಾಲೆ ಇನ್ನೊಂದು ಇಲಾಖೆ. ಎಷ್ಟೋ ಊರಲ್ಲಿ ಎರಡಕ್ಕೂ ಒಂದೇ ಕಾಂಪೌಂಡು, ನಡುವೆ ಒಂದು ಬೇವಿನ ಮರ. ನಿನ್ನ ಕನ್ನಡಿ ಹುಡುಗಿ ಆ ಮರ ದಾಟಿದ ದಿನ ಮತ್ತೆ ಮೊದಲಿಂದ ‘ಮಂದ’ ಆಗ್ತಾಳೆ.

ವಿದ್ಯಾರ್ಥಿನಿ: 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಅಂತ ಹೇಳಿದೆ. ಅಂಗನವಾಡಿಯ ಮೂರು ವರ್ಷ, ಒಂದು ಮತ್ತು ಎರಡನೇ ತರಗತಿ, ಎಲ್ಲಾ ಸೇರಿ ಬುನಾದಿ ಹಂತ.

ದೊಡ್ಡಮ್ಮ: ಕಾಗದದಲ್ಲಿ ಸೇರಿದ್ದು ಮಗುವಿನ ಪಾಲಿಗೆ ಇನ್ನೂ ಸೇರಿಲ್ಲ. 2024ರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾಗ ಅಂಗನವಾಡಿಯವರು ಬೀದಿಗಿಳಿದರು. ಮಕ್ಕಳು ಯಾರ ಪಾಲು ಅನ್ನೋ ಜಗಳವಾಗಿ ಅದು ಉಳಿಯಬಾರದು. ಮಗುವಿನ ಬಗ್ಗೆ ಯಾರಿಗೆ ಏನು ಗೊತ್ತು, ಅದನ್ನ ಮುಂದಿನವರಿಗೆ ಯಾರು ಮುಟ್ಟಿಸ್ತಾರೆ ಅನ್ನೋದು ಮುಖ್ಯ.

ವಿದ್ಯಾರ್ಥಿನಿ: ಇದೇ ವಿಷಯ, ದೊಡ್ಡಮ್ಮ. ಅಂಗನವಾಡಿಯಿಂದ ಒಂದನೇ ತರಗತಿಗೆ ಹೋಗೋ ಮಗುವಿನ ಜೊತೆ ಒಂದು ಹಾಳೆ. ಸಂಡೂರಿನ ತಾಂಡಾ, ಕಂಪ್ಲಿಯ ಗದ್ದೆ ಕೂಲಿಯವರ ಕೇರಿ, ಹಂಪಿ, ಹೊಸಪೇಟೆ. ಒಂದೊಂದು ಕಡೆ ಮೂರು ಮೂರು ಮಕ್ಕಳು. ಅಂಗನವಾಡಿಯಲ್ಲೂ ಮನೆಯಲ್ಲೂ ನೋಡಿ ಬರೆಯೋದು. ಆ ಹಾಳೆ ಓದಿದ ಟೀಚರ್ ಮೊದಲ ತಿಂಗಳು ಮಗುವಿನ ಜೊತೆ ಹೇಗಿರ್ತಾರೆ, ಹಾಳೆ ಇಲ್ಲದ ಮಕ್ಕಳ ಜೊತೆ ಹೇಗಿರ್ತಾರೆ ಅಂತ ಹೋಲಿಸಿದರೆ ಸಂಖ್ಯೆಯೂ ಸಿಗುತ್ತೆ. ಆದರೆ ಒಂದು ಭಯ ಇದೆ. ಬರೆದದ್ದೇ ಹಣೆಪಟ್ಟಿ ಆಗಿಬಿಟ್ಟರೆ?

ದೊಡ್ಡಮ್ಮ: ಆ ಭಯ ಇರಬೇಕು. ಅದಕ್ಕೆ ಕಟ್ಟುಪಾಡು ಹಾಕ್ಕೋ. ಮಗು ಏನು ಮಾಡುತ್ತೆ ಅನ್ನೋದನ್ನ ಮಾತ್ರ ಬರಿ. ಎಲ್ಲಿ, ಯಾವಾಗ, ಯಾರ ಜೊತೆ ಅಂತ ತಾರೀಖು ಸಮೇತ ಬರಿ. ‘ಚುರುಕು’, ‘ಮಂದ’ ಅನ್ನೋ ಮಾತು ಆ ಹಾಳೆಗೆ ಬರಕೂಡದು. ತಾಯಿ ಒಪ್ಪದೇ ಒಂದು ಅಕ್ಷರವೂ ಹೊರಗೆ ಹೋಗಕೂಡದು. ತಾಯಂದಿರ ಸಭೆಯ ದಿನ ಅವಳನ್ನ ಪಕ್ಕಕ್ಕೆ ಕರೆದು ಓದಿ ಹೇಳು, ಅವಳು ತಿದ್ದಿದ್ದನ್ನ ತಿದ್ದು. ಗೋರ್ ಬೋಲಿ ಮಾತಾಡೋ ಮನೆಯಾದರೆ ಆ ಭಾಷೆ ಬರೋ ಒಬ್ಬರನ್ನ ಜೊತೆಗೆ ಕರ್ಕೋ. ಒಂದು ಪ್ರತಿ ತಾಯಿ ಹತ್ತಿರ ಇರಲಿ. ಕಬ್ಬಿಗೆ ಹೋದರೂ, ಕೂಲಿಗೆ ಹೋದರೂ ಅಲ್ಲಿನ ಶಾಲೆಗೆ ತೋರಿಸೋಕೆ ಬರುತ್ತೆ.

ವಿದ್ಯಾರ್ಥಿನಿ: ಇಷ್ಟೊಂದು ಕೆಲಸ ಇರೋ ಟೀಚರ್‌ಗಳು ಇದನ್ನ ಒಪ್ತಾರಾ? ನನ್ನ ಡಿಸರ್ಟೇಶನ್ ಮುಗಿದ ಮೇಲೆ ಬರೆಯೋರು ಯಾರು?

ದೊಡ್ಡಮ್ಮ: ಒಂದೇ ಹಾಳೆ ಸಾಕು ಅನ್ನೋದು ಅದಕ್ಕೇ. ಇನ್ನೊಂದು ರಿಜಿಸ್ಟರು, ಇನ್ನೊಂದು ಆ್ಯಪು ಮಾಡಿದರೆ ಅದು ಸತ್ತ ಹಾಗೆ. ಉಪಯೋಗ ಕಂಡರೆ ಟೀಚರ್‌ಗಳು ತಾವೇ ಹಿಡೀತಾರೆ. ನಮ್ಮ ಶಾಲೆಗಳ ನಲಿ-ಕಲಿ ಪದ್ಧತಿ ಎಲ್ಲಿ ಹುಟ್ಟಿತು?

ವಿದ್ಯಾರ್ಥಿನಿ: ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಅಲ್ಲಿನ ಶಿಕ್ಷಕರು ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಒಗ್ಗೋ ಹಾಗೆ ಕಾರ್ಡು, ಕಲಿಕಾ ಏಣಿ ಎಲ್ಲಾ ತಾವೇ ಮಾಡಿಕೊಂಡರು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲಾ ಬಂತು.

ದೊಡ್ಡಮ್ಮ: ಒಂದು ಕಾಡಂಚಿನ ತಾಲ್ಲೂಕಿನ ಮೇಷ್ಟ್ರುಗಳು ಮಾಡಿದ್ದು ರಾಜ್ಯಕ್ಕೆ ಬಂತು. ನಮ್ಮ ಕಡೆಯಿಂದಲೂ ಒಂದು ಬರಲಿ. ನೀನು ಓದಿರೋದರಿಂದ ಏನನ್ನ ನೋಡಬೇಕು ಅಂತ ನಿನಗೆ ಗೊತ್ತು. ಅಂಗನವಾಡಿ ಟೀಚರ್‌ಗೆ ಯಾವ ಮಗು ಯಾವ ಹೊತ್ತಿಗೆ ಬಾಯಿ ಬಿಡುತ್ತೆ ಅಂತ ಗೊತ್ತು. ಇಬ್ಬರೂ ಜೊತೆಗೆ ಕೂತು ಬರೀರಿ. ಅವರ ಹೆಸರೂ ಹಾಳೆ ಮೇಲೆ ಇರಲಿ, ಡಿಸರ್ಟೇಶನ್ನಿನಲ್ಲೂ ಇರಲಿ.

ವಿದ್ಯಾರ್ಥಿನಿ: ಸೋಮವಾರ ಸಿನಾಪ್ಸಿಸ್ ಜೊತೆಗೆ ಮಾದರಿ ಹಾಳೆ ಒಂದನ್ನೂ ಇಡ್ತೀನಿ.

ದೊಡ್ಡಮ್ಮ: ಇಡು. ಗೈಡ್ ಒಪ್ಪಲಿ, ತಿದ್ದಲಿ, ಎಷ್ಟು ಸಲ ವಾಪಸ್ ಕಳಿಸಿದರೂ ಕಳಿಸಲಿ. ಶಾಲೆ ಬಾಗಿಲು ತೆಗೆಯೋ ಮುಂಚೆ ಆ ಹನ್ನೆರಡು ಹಾಳೆ ಒಂದನೇ ತರಗತಿ ಟೀಚರ್‌ಗಳ ಕೈ ಸೇರಬೇಕು. ಸೇರಿದ ದಿನ ನಿನ್ನ ಎಂ.ಇಡಿ. ಮುಗೀತು ಅಂದುಕೋ, ಅಂಕಪಟ್ಟಿ ಆಮೇಲೆ ಬರಲಿ.